ಎಚ್ಚರಿಕೆಯ ಬಾಯಿ ಮುಚ್ಚಿಸುವ ಸಲಹೆ ಬೇಡವಾಗಿತ್ತು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಕಂಪ್ಯೂಟರ್ ಅಂಕಣದಲ್ಲಿ ಬಂದ ಒಂದು ಸಲಹೆಯನ್ನು ಹೈಸ್ಕೂಲ್ ಮೇಷ್ಟ್ರೊಬ್ಬರು ಕತ್ತರಿಸಿ, ಮಡಚಿ, ಅಂಗಿ ಜೇಬಿನಲ್ಲಿಟ್ಟುಕೊಂಡು ನಮ್ಮ ಅಂಗಡಿಗೆ ಬಂದಿದ್ದರು. ಪಿಪಿಟಿಯಲ್ಲಿ, ಅಂದರೆ ಪವರ್‌ಪಾಯಿಂಟಿನ ಸ್ಲೈಡುಗಳಲ್ಲಿ, ಲಿಂಕ್ ಒತ್ತಿದಾಗಲೆಲ್ಲ ಎದ್ದು ಬರುವ ಎಚ್ಚರಿಕೆಯ ಬಾಕ್ಸನ್ನು ಪೂರ್ತಿ ಬಂದ್ ಮಾಡುವುದು ಹೇಗೆ ಅಂತ ಅದರಲ್ಲಿತ್ತು. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಇಟ್ಟುಕೊಳ್ಳುವ ಜಾಗ) ತೆರೆಯಿರಿ, ಆಫೀಸ್‌ನ ಸೆಕ್ಯುರಿಟಿ ಅನ್ನುವ ಕಡೆ ಹೋಗಿ, ‘ಡಿಸೇಬಲ್‌ಹೈಪರ್‌ಲಿಂಕ್‌ವಾರ್ನಿಂಗ್’ ಅಂತ ಹೆಸರು ಕೊಟ್ಟು 1 ಅಂತ ತುಂಬಿ, ಮುಗೀತು. “ಇದೊಂದು ಮಾಡ್ಕೊಡಿ ಮೇಡಂ, ಮಕ್ಕಳ ಮುಂದೆ ಪದೇ ಪದೇ ಬಂದು ಮಾನ ಕಳೀತದೆ” ಅಂದರು. ನಾನು ಮಾಡಿಕೊಡಲಿಲ್ಲ. ಯಾಕೆ ಅಂತ ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಉದ್ದ ಜಾಸ್ತಿ ಆದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. 2003ರಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಶುರು ಮಾಡಿದೆ, ಈಗ ಮೂರಿವೆ. ಮದುವೆ ಕಾರ್ಡು, ಬಯೋಡೇಟಾ, ಕೋರ್ಟಿನ ಅರ್ಜಿ, ಕೊಬ್ಬರಿ ಮಂಡಿಯವರ ಬಿಲ್ ಬುಕ್ಕು, ಬಿ.ಎಡ್. ಓದುವವರ ಪಾಠದ ಪಿಪಿಟಿ, ಎಲ್ಲ ಬರುತ್ತವೆ. ದಿನಕ್ಕೆ 25-30 ಪೆನ್‌ಡ್ರೈವ್ ನಮ್ಮ ಮೆಷಿನ್‌ಗಳಿಗೆ ಚುಚ್ಚಿಸಿಕೊಳ್ಳುತ್ತವೆ. ಊರಲ್ಲಿ ಯಾರಿಗೆ ಯಾವ ಜ್ವರ ಅಂತ ಡಾಕ್ಟರಿಗೆ ಗೊತ್ತಿರುವ ಹಾಗೆ, ಯಾರ ಪೆನ್‌ಡ್ರೈವಲ್ಲಿ ಯಾವ ವೈರಸ್ ಅಂತ ನನಗೆ ಗೊತ್ತಿರುತ್ತದೆ.

ಈ ಬಾಕ್ಸ್ ಬಂದಾಗ ಜನ ಏನು ಮಾಡುತ್ತಾರೆ ಅನ್ನುವುದನ್ನು ನಾನು ಪಕ್ಕದ ಸ್ಟೂಲಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದೇನೆ. ಮೊನ್ನೆ ಒಬ್ಬಳು ಹುಡುಗಿ ದ್ಯುತಿಸಂಶ್ಲೇಷಣೆಯ ಪಾಠ ತಂದಿದ್ದಳು. ಎಲೆಯ ಚಿತ್ರ ಒತ್ತಿದರೆ ವಿಡಿಯೊ, ‘ಅಂಕಿ ಅಂಶ’ ಅನ್ನುವ ಹಸಿರು ಬಟನ್ ಒತ್ತಿದರೆ ಎಕ್ಸೆಲ್ ಶೀಟು. ಒಳ್ಳೇ ಕೆಲಸ, ಚೆನ್ನಾಗಿ ಮಾಡಿದ್ದಳು. ಹಸಿರು ಬಟನ್ ಒತ್ತಿದಳು, ಬಾಕ್ಸ್ ಬಂತು. ಅವಳ ಕಣ್ಣು ಇನ್ನೂ ಎಲೆಯ ಮೇಲೇ ಇತ್ತು, ಬೆರಳು ಆಗಲೇ ‘ಯೆಸ್’ ಒತ್ತಿ ಆಗಿತ್ತು. ಏನು ಬರೆದಿತ್ತು ಅಂತ ಕೇಳಿದೆ. “ಅದಾ ಅಕ್ಕ? ಅದು ಯಾವಾಗ್ಲೂ ಬರ್ತದೆ” ಅಂದಳು. ಏನು ಬರೆದಿತ್ತು ಅಂತ ಮತ್ತೆ ಕೇಳಿದೆ. ಗೊತ್ತಿಲ್ಲ.

ಗೊತ್ತಿಲ್ಲದ್ದು ಅವಳ ತಪ್ಪು ಅಂತ ನಾನು ಹೇಳುವುದಿಲ್ಲ. ಕಳ್ಳ ಬಂದರೂ ಬೊಗಳುವ, ಪೋಸ್ಟ್‌ಮ್ಯಾನ್ ಬಂದರೂ ಬೊಗಳುವ, ಎಲೆ ಬಿದ್ದರೂ ಬೊಗಳುವ ನಾಯಿಯನ್ನು ಮನೆಯವರು ಎಷ್ಟು ದಿನ ಎದ್ದು ನೋಡುತ್ತಾರೆ? ಪವರ್‌ಪಾಯಿಂಟ್‌ಗೆ ತಾನೇ ತೆರೆಯಬೇಕಾದ ಫೈಲು ಒಳ್ಳೇದೋ ಕೆಟ್ಟದ್ದೋ ತಿಳಿಯದು. ಹಾಗಾಗಿ ನಿಮ್ಮದೇ ಮಾರ್ಕ್ಸ್ ಶೀಟಿಗೂ ಅದೇ ಬಾಕ್ಸು, ಯಾವನೋ ಕಳಿಸಿದ ಹಾಳು ಫೈಲಿಗೂ ಅದೇ ಬಾಕ್ಸು. ಈ ಲಿಂಕು ನಿಮ್ಮ ಕಂಪ್ಯೂಟರಿಗೆ, ಅದರೊಳಗಿನ ಮಾಹಿತಿಗೆ ಹಾನಿ ಮಾಡಬಹುದು, ನಂಬಿಕೆಯವರಿಂದ ಬಂದಿದ್ದರೆ ಮಾತ್ರ ಮುಂದೆ ಹೋಗಿ ಅಂತ ಅದರಲ್ಲಿರುತ್ತದೆ. ಅದೂ ಇಂಗ್ಲಿಷಲ್ಲಿ. ಆಫೀಸ್‌ಗೆ ಕನ್ನಡದ ಪ್ಯಾಕ್ ಪುಕ್ಕಟೆ ಸಿಗುತ್ತದೆ. ಒಂದು ಮೆಷಿನ್‌ಗೆ ಹಾಕಿಯೂ ನೋಡಿದೆ. ಸೇವ್ ಎಲ್ಲಿ, ಇನ್ಸರ್ಟ್ ಎಲ್ಲಿ ಅಂತ ಗಿರಾಕಿಗಳು ಹುಡುಕಾಡಿ ಬೈದರು. ನಾಲ್ಕೇ ದಿನಕ್ಕೆ ತೆಗೆದೆ.

ಈಗ ನನ್ನದೇ ಕಥೆ. ನಿಮ್ಮ ಅಂಕಣದ ಸಲಹೆಯನ್ನು ನಾನು 2012ರಲ್ಲೇ ಪಾಲಿಸಿ ಕೈ ಸುಟ್ಟುಕೊಂಡವಳು. ಆಗ ಸೆಮಿನಾರ್ ಸೀಸನ್. ಹುಡುಗರು ಬಾಗಿಲ ತನಕ ನಿಂತಿದ್ದರು. ಪ್ರತಿ ಲಿಂಕಿಗೂ ಬಾಕ್ಸ್ ಬಂದು ತಲೆ ಚಿಟ್ಟು ಹಿಡಿದಿತ್ತು. ಪರಿಚಯದ ಹಾರ್ಡ್‌ವೇರ್ ಹುಡುಗ ಬಂದು ಎರಡು ನಿಮಿಷದಲ್ಲಿ ಅದರ ಬಾಯಿ ಮುಚ್ಚಿಸಿ, 50 ರೂಪಾಯಿ ಇಸ್ಕೊಂಡು ಹೋದ. ಒಂದು ವಾರ ಸ್ವರ್ಗ.

ಆಮೇಲೆ ಒಬ್ಬ ಬಿ.ಕಾಂ. ಹುಡುಗ ಬಂದ. ಅವನ ಪೆನ್‌ಡ್ರೈವಲ್ಲಿ ‘ಚಾರ್ಟ್’ ಅನ್ನುವ ಹೆಸರಿನ, ಎಕ್ಸೆಲ್ ಗುರುತಿನ ಫೈಲು ಎರಡಿದ್ದವು. ವಿಂಡೋಸ್ ಫೈಲಿನ ಹೆಸರಿನ ಕೊನೆಯ ಬಾಲವನ್ನು ಮುಚ್ಚಿಟ್ಟಿರುತ್ತದೆ ನೋಡಿ, ಅದಕ್ಕೇ ಎರಡೂ ಒಂದೇ ಥರ ಕಂಡವು. ಅವನು ಅದರಲ್ಲಿ ಒಂದನ್ನು ಆರಿಸಿ ಸ್ಲೈಡಿಗೆ ಲಿಂಕ್ ಕೊಟ್ಟಿದ್ದ. ಅದು ಎಕ್ಸೆಲ್ ಅಂಗಿ ತೊಟ್ಟಿದ್ದ ಎಕ್ಸ್‌ಇ ಫೈಲು, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಮು. ಸ್ಲೈಡ್ ಶೋದಲ್ಲಿ ಒತ್ತಿದ. ಯಾವ ಬಾಕ್ಸೂ ಕೇಳಲಿಲ್ಲ, ಏನೂ ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದ. “ಅಕ್ಕಾ, ನಿಮ್ಮ ಮೆಷಿನ್ ಸ್ಲೋ” ಅಂದ. ನಾನೂ ಹೌದೇನೋ ಅಂದುಕೊಂಡು ಮೌಸ್ ಇಸ್ಕೊಂಡು ಮೂರನೇ ಸಲ ಒತ್ತಿದೆ.

ಸಂಜೆ ಹೊತ್ತಿಗೆ ಆ ಮೆಷಿನ್‌ಗೆ ಹಾಕಿದ ಪೆನ್‌ಡ್ರೈವ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಡಿಟಿಪಿ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ನಿಮ್ಮ ಫೋಲ್ಡರುಗಳನ್ನು ವೈರಸ್ ಅಡಗಿಸಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮುಂದೆ ಕೂರಿಸುತ್ತದೆ. ಫೋಲ್ಡರ್ ಅಂತ ನೀವು ಒತ್ತಿದ್ದೇ ತಡ, ಆ ಕಂಪ್ಯೂಟರಿಗೂ ಅಂಟು. ಮಂಡಿಯವರೊಬ್ಬರ ಮೂರು ತಿಂಗಳ ಲೆಕ್ಕ ಕಾಣೆ ಆಗಿ, ಅವರು ಅಂಗಡಿ ಮುಂದೆ ನಿಂತು ಕೂಗಾಡಿದ್ದು ಇವತ್ತಿಗೂ ಕಿವಿಯಲ್ಲಿದೆ. ಅಟ್ರಿಬ್ ಕಮಾಂಡ್ ಕೊಟ್ಟು ಅಡಗಿದ ಫೈಲುಗಳನ್ನು ಒಂದೊಂದೇ ಪೆನ್‌ಡ್ರೈವಿಂದ ಹೊರಗೆ ತಂದೆವು, ಎರಡು ರಾತ್ರಿ ಹಿಡಿಯಿತು. ಲೆಕ್ಕ ಸಿಕ್ಕಿತು. ಆ ಮಂಡಿಯವರು ಮಾತ್ರ ಮತ್ತೆ ಬರಲಿಲ್ಲ. ಬಾಕ್ಸ್ ಬಂದಿದ್ದರೂ ಹುಡುಗ ‘ಯೆಸ್’ ಒತ್ತುತ್ತಿದ್ದ ಅನ್ನಿ, ಒಪ್ಪುತ್ತೇನೆ. ಆದರೆ ಎಕ್ಸೆಲ್ ಬರುವುದಕ್ಕೆ ಬದಲು ಏನೂ ಬರದೇ ಇದ್ದಾಗ, ಆಗಲೇ ಒಂದು ಸಲ ಕೇಳಿದ್ದ ಬಾಕ್ಸ್ ನನ್ನ ತಲೆಯಲ್ಲಿ ಇರುತ್ತಿತ್ತು. ಮೂರನೇ ಸಲ ನಾನಂತೂ ಒತ್ತುತ್ತಿರಲಿಲ್ಲ.

ಬಾಲ ಮುಚ್ಚಿಟ್ಟು ಮೋಸ ಮಾಡುವುದು ಹಳೇ ಆಟ. 2000ರ ಮೇ ತಿಂಗಳಲ್ಲಿ ‘ಐ ಲವ್ ಯೂ’ ಅಂತ ಇ-ಮೇಲ್ ಬಂದು ಪ್ರಪಂಚದ ತುಂಬ ಕಂಪ್ಯೂಟರುಗಳು ಮಲಗಿದ್ದು ಕೆಲವರಿಗಾದರೂ ನೆನಪಿರಬಹುದು. ಪ್ರೇಮಪತ್ರದ ಫೈಲಿನ ಹೆಸರಿನ ಕೊನೆಗೆ ಟಿಎಕ್ಸ್‌ಟಿ, ಅಂದರೆ ಬರೀ ಅಕ್ಷರದ ಫೈಲು, ಅಂತ ಕಾಣುತ್ತಿತ್ತು. ಅದರ ಹಿಂದೆ ವಿಬಿಎಸ್ ಅನ್ನುವ ನಿಜವಾದ ಬಾಲ, ಪ್ರೋಗ್ರಾಮಿನದು, ಅಡಗಿತ್ತು. ಈಗಲೂ ಫೈಲ್ ಎಕ್ಸ್‌ಪ್ಲೋರರಿನಲ್ಲಿ ‘ವ್ಯೂ’ಗೆ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಟಿಕ್ ಹಾಕಿಕೊಳ್ಳದಿದ್ದರೆ ಬಾಲ ಕಾಣುವುದಿಲ್ಲ. ನಿಮ್ಮ ಅಂಕಣದವರು ಇದನ್ನು ಬರೆದಿದ್ದರೆ ನಾನು ಫ್ರೇಮ್ ಹಾಕಿಸಿ ಗೋಡೆಗೆ ತೂಗು ಹಾಕುತ್ತಿದ್ದೆ.

ಪಿಪಿಟಿಯಲ್ಲಿ ಏನು ಮಹಾ ಇರುತ್ತದೆ, ಬರೀ ಚಿತ್ರ ಅಲ್ವಾ ಅಂತ ಮೇಷ್ಟ್ರು ಕೇಳಿದರು. 2014ರಲ್ಲಿ ಉಕ್ರೇನಿನ ಸರ್ಕಾರಿ ಕಚೇರಿಗಳಂಥ ಕಡೆಗೆ ಕಳಿಸಿದ ಒಂದು ಸ್ಲೈಡ್ ಶೋ ಫೈಲಿನ ಕಥೆ ಹೇಳಿದೆ. ಸ್ಲೈಡಿನೊಳಗೆ ಇದ್ದದ್ದು ಬೇರೆಲ್ಲೋ ಇರುವ ಫೈಲುಗಳ ವಿಳಾಸ ಅಷ್ಟೇ. ಶೋ ತೆರೆದರೆ ಅದು ದೂರದ ಸರ್ವರಿನಿಂದ ಎರಡು ಫೈಲು ಎಳೆದುಕೊಳ್ಳುತ್ತಿತ್ತು. ಒಂದರ ಹೆಸರು ‘ಸ್ಲೈಡ್1’, ಬಾಲ ಚಿತ್ರದ್ದು. ನಿಜದಲ್ಲಿ ಅದು ಪ್ರೋಗ್ರಾಮು. ವಿಂಡೋಸಿನಲ್ಲಿದ್ದ ಆ ತೂತನ್ನು ಮೈಕ್ರೋಸಾಫ್ಟ್ ಆ ವರ್ಷ ಅಕ್ಟೋಬರಿನಲ್ಲಿ ಮುಚ್ಚಿತು. ಪಿಪಿಎಸ್‌ಎಕ್ಸ್ ಅನ್ನುವ ಬಾಲದ ಫೈಲು ನೇರ ಶೋ ಆಗಿಯೇ ತೆರೆದುಕೊಳ್ಳುತ್ತದಲ್ಲ, ಉಕ್ರೇನಿಗೆ ಕಳಿಸಿದ್ದೂ ಅಂಥದ್ದೇ.

2017ರದ್ದು ಇನ್ನೂ ವಿಚಿತ್ರ. ಒಂದೇ ಸ್ಲೈಡು, ಅದರಲ್ಲಿ ‘ಲೋಡಿಂಗ್, ದಯವಿಟ್ಟು ಕಾಯಿರಿ’ ಅನ್ನುವ ಅರ್ಥದ ಒಂದು ಸಾಲು. ಒತ್ತುವುದೂ ಬೇಡ, ಮೌಸಿನ ಬಾಣ ಅದರ ಮೇಲೆ ಹಾದರೆ ಸಾಕು, ಹಿಂದಿನಿಂದ ಕಮಾಂಡ್ ಓಡಲು ಹೊರಡುತ್ತಿತ್ತು. ಅಲ್ಲಿ ನಡುವೆ ನಿಂತು ಕೇಳಿದ್ದು ಯಾರು? ಇಂಥದ್ದೇ ಒಂದು ಬಾಕ್ಸು. ‘ಡಿಸೇಬಲ್’ ಒತ್ತಿದವರು ಬಚಾವಾದರು, ‘ಎನೇಬಲ್’ ಒತ್ತಿದವರು ಬಾಗಿಲು ತೆಗೆದುಕೊಟ್ಟರು.

ಇನ್ನು ಎರಡನೇ ಎಚ್ಚರಿಕೆ, ಹಳದಿ ಪಟ್ಟಿ. ಇ-ಮೇಲಿನಲ್ಲಿ ಬಂದ, ಇಂಟರ್‌ನೆಟ್ಟಿಂದ ಇಳಿಸಿದ ಪಿಪಿಟಿ ತೆರೆದರೆ ಮೇಲ್ಗಡೆ ಹಳದಿ ಪಟ್ಟಿ ಬಂದು ‘ಎನೇಬಲ್ ಎಡಿಟಿಂಗ್’ ಅನ್ನುತ್ತದೆ. ಆಫೀಸ್ 2010ರಿಂದ ಶುರುವಾದದ್ದು ಇದು. ಫೈಲನ್ನು ಗಾಜಿನೊಳಗಿಟ್ಟು ತೋರಿಸಿದ ಹಾಗೆ. ಓದಬಹುದು, ಅದು ನಿಮ್ಮನ್ನು ಸುಲಭಕ್ಕೆ ಮುಟ್ಟುವ ಹಾಗಿಲ್ಲ. ಬರೀ ಓದಲು, ನೋಡಲು ಆದರೆ ಆ ಬಟನ್ ಒತ್ತುವುದೇ ಬೇಡ. ಇಷ್ಟು ಹೇಳಿದರೆ ಅರ್ಧ ಜನ ಆಶ್ಚರ್ಯಪಡುತ್ತಾರೆ. ಒತ್ತದಿದ್ದರೆ ಫೈಲು ಹಾಳಾಗುತ್ತದೆ ಅಂತಲೇ ಅವರು ತಿಳಿದಿರುತ್ತಾರೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಡೌನ್‌ಲೋಡ್ ಆದ ಫೈಲಿಗೆ ವಿಂಡೋಸ್ ‘ಇದು ಹೊರಗಿಂದ ಬಂದದ್ದು’ ಅಂತ ಕಣ್ಣಿಗೆ ಕಾಣದ ಗುರುತು ಹಚ್ಚುತ್ತದೆ. ಹಳದಿ ಪಟ್ಟಿ ಬರುವುದು ಆ ಗುರುತು ನೋಡಿ. ನಾವು ಬಳಸುವ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅನ್ನುವ ಹಳೇ ಪದ್ಧತಿಯಲ್ಲಿ ಫೈಲು ಇಟ್ಟುಕೊಳ್ಳುತ್ತವೆ. ಅದರಲ್ಲಿ ಆ ಗುರುತು ನಿಲ್ಲುವುದಿಲ್ಲ, ಕಾಪಿ ಮಾಡಿದೊಡನೆ ಅಳಿಸಿ ಹೋಗುತ್ತದೆ. ಹಾಗಾಗಿ ಅಧಿಕಾರಿಯೊಬ್ಬರು ಮೇಲ್‌ನಲ್ಲಿ ಕಳಿಸಿದ ನೆಟ್ಟಗಿನ ಫೈಲಿಗೆ ಹಳದಿ ಪಟ್ಟಿ. ಹತ್ತು ಹಾಸ್ಟೆಲ್, ನಾಲ್ಕು ಸೈಬರ್ ಸುತ್ತಿಬಂದ ಪೆನ್‌ಡ್ರೈವಿನ ಫೈಲಿಗೆ ಏನೂ ಇಲ್ಲ, ರಾಜಮರ್ಯಾದೆ. ಹಳದಿ ಪಟ್ಟಿ ಬರಲಿಲ್ಲ ಅಂದರೆ ಫೈಲು ಚೊಕ್ಕ ಅಂತ ತಿಳಿಯಬೇಡಿ.

ಮೂರನೆಯದು, ಫೈಲ್ ತೆರೆಯುವಾಗಲೇ ‘ಇದರಲ್ಲಿ ಬೇರೆ ಫೈಲುಗಳಿಗೆ ಲಿಂಕ್ ಇದೆ, ಅಪ್‌ಡೇಟ್ ಮಾಡಲಾ’ ಅಂತ ಕೇಳುವುದು. ಎಕ್ಸೆಲ್‌ನ ಚಾರ್ಟನ್ನು ಲಿಂಕ್ ಮಾಡಿ ಅಂಟಿಸಿದಾಗ ಇದು ಬರುತ್ತದೆ. ‘ಕ್ಯಾನ್ಸಲ್’ ಒತ್ತಿದರೆ ಚಾರ್ಟೇ ಹೋಗಿಬಿಡುತ್ತದೆ ಅಂತ ಭಯ. ಹೋಗುವುದಿಲ್ಲ. ಕೊನೇ ಸಲ ಸೇವ್ ಮಾಡಿದಾಗ ಹೇಗಿತ್ತೋ ಹಾಗೇ ಇರುತ್ತದೆ. ಹೊಸ ಅಂಕಿ ಬರುವುದಿಲ್ಲ ಅಷ್ಟೇ.

ಈ ಮೂರನ್ನೂ ಕಲಸಿ ಒಂದೇ ಮಾತಲ್ಲಿ ಮುಗಿಸುವವರು ಇದ್ದಾರೆ. ಟೀಚರೊಬ್ಬರು ಒಂದು ತರಬೇತಿಗೆ ಹೋಗಿ ಬಂದಿದ್ದರು. ಅಲ್ಲಿ ಕೊಟ್ಟ ಪಿಪಿಟಿಯಲ್ಲಿ ಲಿಂಕುಗಳೋ ಲಿಂಕುಗಳು. ನೋಟ್‌ಬುಕ್ಕಿನಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರು: ‘ಏನೇ ಬಂದರೂ ಎನೇಬಲ್ ಒತ್ತುವುದು’. ಕೆಳಗೆ ಎರಡು ಗೆರೆ ಬೇರೆ. ಕಲಿಸಿದವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಇದೇ ಟೀಚರಿನ ವಾಟ್ಸಾಪಿಗೆ ನಾಳೆ ಮದುವೆ ಕರೆಯೋಲೆ ಅಂತ ಒಂದು ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು, ಬರುತ್ತದೆ. ಫೋನು ಕೂಡ ಕೇಳುತ್ತದೆ, ಗುರುತಿಲ್ಲದ ಕಡೆಯಿಂದ ಬಂದದ್ದು, ಹಾಕಲಾ ಅಂತ. ನೋಟ್‌ಬುಕ್ಕಿನಲ್ಲಿ ಉತ್ತರ ಆಗಲೇ ಬರೆದಿದೆ. ಕಾರ್ಡ್ ಪ್ರಿಂಟ್ ಮಾಡುವವಳು ನಾನು, ಹೇಳುತ್ತೇನೆ ಕೇಳಿ: ಲಗ್ನಪತ್ರಿಕೆ ಪಿಡಿಎಫ್ ಆಗಿ ಬರುತ್ತದೆ, ಚಿತ್ರವಾಗಿ ಬರುತ್ತದೆ, ವಿಡಿಯೊ ಆಗಿ ಬರುತ್ತದೆ. ಎಪಿಕೆ ಆಗಿ ಬರುವುದಿಲ್ಲ. ಹಾಕಿಕೊಂಡು ದುಡ್ಡು ಹೋದ ಮೇಲೆ ನನ್ನ ಹತ್ತಿರ ಬರುವುದಕ್ಕಿಂತ ಮೊದಲು 1930ಕ್ಕೆ ಫೋನ್ ಮಾಡಿ.

ಮೇಷ್ಟ್ರ ಕಷ್ಟ ಸುಳ್ಳಲ್ಲ. ಪಾಠದ ಮಧ್ಯೆ ಆರು ಸಲ ಬಾಕ್ಸ್ ಬಂದರೆ ಮಕ್ಕಳು ನಗುತ್ತಾರೆ, ಮಾತಿನ ಎಳೆ ತಪ್ಪುತ್ತದೆ. ಅದಕ್ಕೇ ಅವರನ್ನು ಕೂರಿಸಿಕೊಂಡು, ಟೀ ತರಿಸಿ, ಪಿಪಿಟಿಯನ್ನೇ ರಿಪೇರಿ ಮಾಡಿದೆವು. ಒಟ್ಟು 11 ಲಿಂಕಿದ್ದವು. ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ‘ಎಡಿಟ್ ಲಿಂಕ್’ ನೋಡಿದರೆ ಅದು ಯಾವ ಫೈಲಿಗೆ ಹೋಗುತ್ತದೆ ಅಂತ ಕೆಳಗೆ ಕಾಣುತ್ತದೆ. ನಾಲ್ಕು ಲಿಂಕು ಅವರ ಹಳೇ ಲ್ಯಾಪ್‌ಟಾಪಿನ ಡಿ ಡ್ರೈವಿಗೆ ಹೋಗುತ್ತಿದ್ದವು. ಆ ಲ್ಯಾಪ್‌ಟಾಪ್ ಮಾರಿ ಎರಡು ವರ್ಷ ಆಗಿತ್ತಂತೆ! ಅವನ್ನು ಕಿತ್ತೆವು. ಮೂರು ವಿಡಿಯೊಗಳನ್ನು ಲಿಂಕ್ ತೆಗೆದು ಸ್ಲೈಡಿನೊಳಗೇ ಸೇರಿಸಿದೆವು. ಈಗಿನ ಪವರ್‌ಪಾಯಿಂಟಿನಲ್ಲಿ ವಿಡಿಯೊ ಸುಮ್ನೆ ಇನ್ಸರ್ಟ್ ಮಾಡಿದರೆ ಒಳಗೇ ಕೂರುತ್ತದೆ. ಫೈಲ್ ದಪ್ಪ ಆಗುತ್ತದೆ, ಆಗಲಿ. ಎರಡು ಎಕ್ಸೆಲ್ ಚಾರ್ಟು ಹೋದ ವರ್ಷದ ಫಲಿತಾಂಶದ್ದು, ಇನ್ನು ಬದಲಾಗುವಂಥದ್ದಲ್ಲ. ‘ಫೈಲ್’, ‘ಇನ್ಫೋ’, ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ಗೆ ಹೋಗಿ ‘ಬ್ರೇಕ್ ಲಿಂಕ್’ ಒತ್ತಿದೆವು. ಚಾರ್ಟ್ ಅಲ್ಲೇ ಉಳಿಯಿತು, ಕೇಳುವ ಕಾಟ ಹೋಯಿತು.

ಉಳಿದದ್ದು ಎರಡು, ಒಂದು ಪಿಡಿಎಫ್, ಒಂದು ಅಂಕಪಟ್ಟಿ. ಎರಡನ್ನೂ ಪಿಪಿಟಿ ಇರುವ ಫೋಲ್ಡರಿಗೇ ಹಾಕಿ, ಅಲ್ಲಿಂದ ಹೊಸದಾಗಿ ಲಿಂಕ್ ಕೊಟ್ಟೆವು. ಹೀಗೆ ಮಾಡಿದರೆ ಇಡೀ ಫೋಲ್ಡರನ್ನು ಎತ್ತಿಕೊಂಡು ಎಲ್ಲಿಗೆ ಹೋದರೂ ಲಿಂಕ್ ಸಾಯುವುದಿಲ್ಲ. ಇದಕ್ಕೆ ಪವರ್‌ಪಾಯಿಂಟಿನಲ್ಲೇ ‘ಪ್ಯಾಕೇಜ್ ಪ್ರೆಸೆಂಟೇಷನ್ ಫಾರ್ ಸಿಡಿ’ ಅಂತ ಒಂದು ಸೌಲಭ್ಯ ಇದೆ, ಎಕ್ಸ್‌ಪೋರ್ಟ್ ಕೆಳಗೆ. ಸಿಡಿ ಎಲ್ಲಿದೆ ಈಗ ಅಂತ ಹೆಸರು ನೋಡಿಯೇ ಜನ ಬಿಟ್ಟುಬಿಡುತ್ತಾರೆ. ಒಳಗೆ ಹೋದರೆ ‘ಕಾಪಿ ಟು ಫೋಲ್ಡರ್’ ಇದೆ. ಲಿಂಕಿನ ಫೈಲುಗಳನ್ನೆಲ್ಲ ಹುಡುಕಿ ತಂದು ಒಂದೇ ಕಡೆ ಗಂಟು ಕಟ್ಟಿಕೊಡುತ್ತದೆ.

ಆ ಎರಡು ಲಿಂಕಿಗೆ ಈಗಲೂ ಬಾಕ್ಸ್ ಬರುತ್ತದೆ. ಬರಲಿ, ತಾನು ಏನನ್ನು ಒತ್ತುತ್ತಿದ್ದೇನೆ ಅಂತ ಮೇಷ್ಟ್ರಿಗೆ ಗೊತ್ತಿದೆ. ಟೀ ಆರುವುದರೊಳಗೆ ಅಲ್ಲದಿದ್ದರೂ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಟ್ರಸ್ಟೆಡ್ ಲೊಕೇಷನ್ ಅನ್ನುವ ಇನ್ನೊಂದು ದಾರಿಯನ್ನೂ ನಿಮ್ಮ ಅಂಕಣ ಒಂದೇ ಸಾಲಲ್ಲಿ ಹೇಳಿ ಮುಗಿಸಿದೆ. ಆಫೀಸ್‌ನ ಸುರಕ್ಷತೆಯ ಸೆಟ್ಟಿಂಗ್‌ಗಳಿರುವ ಟ್ರಸ್ಟ್ ಸೆಂಟರಿನಲ್ಲಿ ಒಂದು ಫೋಲ್ಡರನ್ನು ನಂಬಿಕೆಯ ಜಾಗ ಅಂತ ಗುರುತು ಮಾಡಿದರೆ ಅದರಲ್ಲಿರುವ ಫೈಲುಗಳನ್ನು ಆಫೀಸ್ ತಡೆದು ವಿಚಾರಿಸದೆ ತೆರೆಯುತ್ತದೆ. ಅದಕ್ಕಂತಲೇ ಮಾಡಿಟ್ಟ, ನೀವೇ ಮಾಡಿದ ಫೈಲುಗಳಷ್ಟೇ ಇರುವ ಸಣ್ಣ ಫೋಲ್ಡರಿಗಾದರೆ ಸರಿ. ಗಿರಾಕಿಯೊಬ್ಬರು ಡೌನ್‌ಲೋಡ್ಸ್ ಫೋಲ್ಡರನ್ನೇ ನಂಬಿಕೆಯ ಜಾಗ ಮಾಡಿಕೊಂಡಿದ್ದರು. ಬಸ್ ಸ್ಟ್ಯಾಂಡಿನ ಬೆಂಚನ್ನು ದೇವರ ಕೋಣೆ ಅಂದ ಹಾಗಾಯಿತು.

ನನ್ನ ಕೋರಿಕೆ ಇಷ್ಟೇ. ಸಲಹೆ ಹಾಕಿದ ಅದೇ ಅಂಕಣದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದನ್ನು ಆಗಲೇ ಮಾಡಿಕೊಂಡವರು ತಿರುಗಿ ಸರಿ ಮಾಡುವುದು ಹೇಗೆ ಅಂತಲೂ ಹಾಕಿ. ರಿಜಿಸ್ಟ್ರಿಯಲ್ಲಿ ಅದೇ ಜಾಗಕ್ಕೆ ಹೋಗಿ 1 ಇದ್ದದ್ದನ್ನು 0 ಮಾಡಿದರೆ ಆಯಿತು, ಅಥವಾ ಆ ಹೆಸರನ್ನೇ ಅಳಿಸಿದರೂ ಸರಿ. ಅಕ್ಕಪಕ್ಕದ ಬೇರೆ ಯಾವುದಕ್ಕೂ ಕೈ ಹಾಕಬೇಡಿ ಅಂತ ಒಂದು ಮಾತು ಸೇರಿಸಿ. ಕೈ ಹಾಕಿ ವಿಂಡೋಸ್ ಎದ್ದು ಬಾರದ ಹಾಗೆ ಮಾಡಿಕೊಂಡವರೂ ಬರುವುದು ನನ್ನ ಅಂಗಡಿಗೇ.

ಮೇಷ್ಟ್ರು ತಂದಿದ್ದ ಕತ್ತರಿಸಿದ ಕಾಗದ ನನ್ನ ಡ್ರಾಯರಿನಲ್ಲಿದೆ. ಅವರ ಪೆನ್‌ಡ್ರೈವೂ ಅಲ್ಲೇ ಇದೆ, ಮರೆತು ಹೋಗಿದ್ದಾರೆ. ಅವರು ಪತ್ರಿಕೆ ಓದುವವರೇ, ಇದನ್ನು ನೋಡಿದರೆ ಬಂದು ತೆಗೆದುಕೊಂಡು ಹೋಗಲಿ.

– ಡಿಟಿಪಿ ಅಂಗಡಿಯವಳು, ತಿಪಟೂರು
(ಹೆಸರು ಪ್ರಕಟಿಸಬೇಡಿ. ಗಿರಾಕಿಗಳು ತಮ್ಮನ್ನು ತಾವು ಗುರುತು ಹಿಡಿದುಕೊಂಡಾರು.)